ಕಪಿಲೆಗೆ ಬರೆದ ಪಾಠ

ಬಾವಿಯ ಅಂಚಿನಿಂದ ಕಲ್ಲು ಜಾರಿ ನೀರಿಗೆ ಬಿದ್ದ ಆ ಸದ್ದು ನೆನಪಾದರೆ ಇಂದಿಗೂ ನನ್ನ ಬಲಗೈ ತಾನಾಗಿ ಮುಷ್ಟಿ ಕಟ್ಟುತ್ತದೆ. ಆಗ ಆ ಕೈಯಲ್ಲಿ ಒಂದು ಹಾಳೆ ಇತ್ತು.

ಐವತ್ತರ ದಶಕದ ಕೊನೆ. ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ನಮ್ಮ ಗಣಿತದ ಮೇಷ್ಟ್ರು ಕಲ್ಕತ್ತೆಯಲ್ಲಿ ಲೆಕ್ಕ ಮಾಡುವ ಯಂತ್ರ ನೋಡಿ ಬಂದು, ಅದಕ್ಕೆ ಆದೇಶ ಬರೆಯುವುದನ್ನು ಸಂಜೆ ಕಲಿಸತೊಡಗಿದ್ದರು. ಯಂತ್ರವೂ ಇಲ್ಲ, ಪುಸ್ತಕವೂ ಇಲ್ಲ. ಟೈಪು ಮಾಡಿಸಿದ ಇಂಗ್ಲಿಷ್ ಹಾಳೆಗಳಷ್ಟೇ. ಹುಡುಗರು ಒಬ್ಬೊಬ್ಬರಾಗಿ ತರಗತಿ ಬಿಟ್ಟರು. "ಎಲ್ಲರಿಗೂ ಅರ್ಥವಾಗುವ ಮೊದಲ ಪಾಠ ಕನ್ನಡದಲ್ಲಿ ಬರೆದು ತಾ. ಆಗದಿದ್ದರೆ ಸೋಮವಾರ ತರಗತಿ ಮುಚ್ಚುತ್ತೇನೆ" ಎಂದರು ಮೇಷ್ಟ್ರು.

ಭಾನುವಾರ ಬೆಳಿಗ್ಗೆ ಬೇಗೂರಿನಲ್ಲಿ ಬಸ್ಸಿಳಿದು ನಮ್ಮ ಹೊಲಕ್ಕೆ ಹೋದರೆ ಅಪ್ಪ ಬಾವಿಯಿಂದ ನೀರೆತ್ತಲು ಕಪಿಲೆ ಹೊಡೆಯುತ್ತಿದ್ದರು. ಎತ್ತುಗಳು ಇಳಿಜಾರಿನಲ್ಲಿ ಮುಂದೆ ನಡೆದರೆ ಚರ್ಮದ ಬಾನಿ ನೀರು ಹೊತ್ತು ಮೇಲೆ ಬರುತ್ತದೆ. ಹಿಮ್ಮೆಟ್ಟಿದರೆ ಮತ್ತೆ ಬಾವಿಗಿಳಿಯುತ್ತದೆ. ಮುಂದೆ, ಹಿಂದೆ, ಪುನಃ ಮುಂದೆ. ಒಂದೇ ಕೆಲಸವನ್ನು ಯಂತ್ರದಿಂದ ಮತ್ತೆ ಮತ್ತೆ ಮಾಡಿಸುವ ಮೇಷ್ಟ್ರ ಪಾಠವೇ ಕಣ್ಣೆದುರು ನಡೆಯುತ್ತಿತ್ತು! ಅಲ್ಲೇ ಕೂತು ಐದು ಸಾಲು ಬರೆದೆ.

ಪರೀಕ್ಷಿಸಲು ಯಂತ್ರದಂತೆ ಏನೂ ತಿಳಿಯದವರು ಬೇಕಿತ್ತು. ಚಾಮರಾಜನಗರದಲ್ಲಿ ಗುಮಾಸ್ತರಾಗಿದ್ದ ಅಕ್ಕನ ಗಂಡ ಊರಿಗೆ ಬಂದಿದ್ದರು.

"ಭಾವನ್ನ ಎತ್ತಿನ್ ಮುಂದೆ ನಿಲ್ಲುಸ್ತೀಯೇನ್ಲಾ? ಎತ್ತೇ ನಗ್ತವೆ ಕಣ," ಎಂದರು ಅಪ್ಪ.

"ನಗ್ಲಿ ಬುಡಿ ಮಾವ, ಆಫೀಸ್ನಲ್ಲಿ ದಿನಾ ನಗ್ತಾರೆ." ಭಾವ ಪಂಚೆ ಎತ್ತಿ ಕಟ್ಟಿದರು.

"ಅಪ್ಪ, ನೀನು ಬಾಯ್ ಬುಡ್ಕೂಡದು. ಯಂತ್ರಕ್ಕೆ ಯೇಳ್ಕೊಡೋರು ಇರಾಕಿಲ್ಲ," ಎಂದೆ ನಾನು.

ನಾನು ಓದಿದೆ, ಭಾವ ಮಾಡಿದರು. ಬಾನಿ ಮೇಲೆ ಬಂತು, ನೀರು ಸುರಿಯಿತು. ಮುಂದಿನ ಸಾಲು: ಹಿಂದಕ್ಕೆ ನಡೆಸು. ಭಾವ ಮೂಗುದಾರದ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡು ಎತ್ತುಗಳನ್ನು ಎದುರಿನಿಂದ ತಳ್ಳಿದರು.

"ಇನ್ನೂ ಹಿಂದಕ್ಕಾ?"

"ನಿಲ್ಲು ಅಂತ ಬರ್ದಿಲ್ಲ ಭಾವ. ಬರ್ದಷ್ಟೇ ಮಾಡಿ!"

ಎಡಗಡೆಯ ಎತ್ತಿನ ಹಿಂಗಾಲು ಬಾವಿಯ ಅಂಚು ದಾಟಿ ಗಾಳಿಯಲ್ಲಿ ತೂಗಿತು. ಕಲ್ಲು ಉರುಳಿತು. ಎತ್ತು ಬಿದ್ದರೆ ಜೊತೆಗೆ ಭಾವನೂ ಬಾವಿಗೆ.

"ಹೋ! ಹೋ!" ಅಪ್ಪನ ದನಿಗೆ ಎರಡೂ ಎತ್ತುಗಳು ಕಲ್ಲಾಗಿ ನಿಂತವು. ಅಪ್ಪ ಓಡಿಬಂದು ನೊಗ ಹಿಡಿದು ಮುಂದಕ್ಕೆಳೆದರು.

ಇಳಿಜಾರಿನ ಪಕ್ಕ ಒಂದು ಗುರುತುಗಲ್ಲಿದೆ. ಎತ್ತುಗಳು ಹಿಮ್ಮೆಟ್ಟುವಾಗ ನೊಗ ಅದರ ಸಮಕ್ಕೆ ಬಂದೊಡನೆ ಅಪ್ಪ ಕೈ ಸಡಿಲಿಸಿ ಅವನ್ನು ನಿಲ್ಲಿಸುತ್ತಿದ್ದರು. ಅದನ್ನು ಅವರು ಎಂದೂ ಬಾಯಲ್ಲಿ ಹೇಳಿರಲಿಲ್ಲ, ಹುಟ್ಟಿದಾಗಿನಿಂದ ನೋಡಿದ್ದ ನಾನೂ ಗಮನಿಸಿರಲಿಲ್ಲ.

ಭಾವ ನೆಲದ ಮೇಲೆ ಕೂತು ಮಣಿಕಟ್ಟು ನೀವಿಕೊಂಡರು. "ಈಗ ಸರ್ಯಾಗ್ ಬರಿ ಮಾರಾಯ. ಇನ್ನೊಂದ್ಸಲ ಓಡುಸ್ದೇ ನಾನು ಊಟಕ್ ಏಳಾಕಿಲ್ಲ."

ಅದೇ ಹಾಳೆಯಲ್ಲಿ ಆರನೆಯ ಸಾಲು ಬರೆದೆ: ನೊಗ ಗುರುತುಗಲ್ಲಿನ ಸಮಕ್ಕೆ ಬಂತೇ? ಬಂದಿದ್ದರೆ ನಿಲ್ಲು, ಇಲ್ಲದಿದ್ದರೆ ಇನ್ನೊಂದು ಹೆಜ್ಜೆ.

ಭಾವ ಇಪ್ಪತ್ತು ಬಾನಿ ನೀರೆತ್ತಿದರು. ಅಪ್ಪ ಒಂದು ಮಾತೂ ಆಡಲಿಲ್ಲ. ಆದರೆ ನೊಗದಿಂದ ಕೈ ತೆಗೆಯಲೂ ಇಲ್ಲ. ಮಧ್ಯಾಹ್ನ ಭಾವ ಬಾತಿದ್ದ ಆ ಕೈಯಿಂದಲೇ ಹಲವು ಪ್ರತಿ ತೆಗೆಯಲು ಮೇಷ್ಟ್ರು ಕೊಟ್ಟಿದ್ದ ಮೇಣದ ಹಾಳೆಯ ಮೇಲೆ ಮುದ್ದಾಗಿ ಪಾಠ ಕೊರೆದುಕೊಟ್ಟರು.

ಸೋಮವಾರ ಮೇಷ್ಟ್ರು ಮೊದಲು ಐದು ಸಾಲನ್ನಷ್ಟೇ ಓದಿ, "ಏನಾಗುತ್ತೆ?" ಎಂದರು. ವಾರಗಟ್ಟಲೆ ತುಟಿ ಬಿಚ್ಚದಿದ್ದ ಭೀಮನಬೀಡು ಹಳ್ಳಿಯ ಗೆಳೆಯ ದಡಕ್ಕನೆ ಎದ್ದು ನಿಂತ. "ನಿಲ್ಲುಸಿ ಸಾರ್! ಎತ್ತು ಬಾವಿಗ್ ಬೀಳ್ತದೆ!"

ಇಡೀ ತರಗತಿ ಒಟ್ಟಿಗೆ ಮಾತಾಡತೊಡಗಿತು. ಮೇಷ್ಟ್ರು ನನ್ನ ಕಡೆ ನೋಡಿ ನಕ್ಕರು. ಹಲಗೆಯ ಮೇಲೆ 'ಎರಡನೆಯ ಪಾಠ: ಗುರುವಾರ' ಎಂದು ಬರೆದರು.