ಚೆನ್ನೆಮಣೆಯಲ್ಲಿ ಕಲಿತ ಟೈಪಿಂಗ್

ಕಾಪುವಿನ ನಮ್ಮ ಮನೆಯ ಜಗಲಿಯಲ್ಲಿ ನಿಂತರೆ ಸಂಜೆ ಕಡಲತೀರದ ದೀಪಸ್ತಂಭದ ಬೆಳಕು ಸುತ್ತಿ ಬರುವುದು ಕಾಣುತ್ತಿತ್ತು. ಕಾರ್ಕಳದ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಕೆಲಸವನ್ನು ಕಣ್ಣಿನ ದೆಸೆಯಿಂದ ಬಿಟ್ಟು ಬಂದ ಮೇಲೆ ನನಗೆ ಉಳಿದದ್ದು ಕತ್ತಲೆ ಬೆಳಕಿನ ವ್ಯತ್ಯಾಸ ಮಾತ್ರ. ಆ ಬೆಳಕು ಬಂತೋ ಇಲ್ಲವೋ ಎಂದು ದಿನವೂ ಪರೀಕ್ಷೆ ಮಾಡಿಕೊಳ್ಳುತ್ತಿದ್ದೆ. ಎಂಬತ್ತರ ದಶಕದ ಕೊನೆಯ ಒಂದು ವರ್ಷ, ಚೌತಿಗೆ ಮೊದಲು, ಒಂದು ಸಂಜೆ ಅದು ಬರಲಿಲ್ಲ. ಮೋಡ ಇರಬಹುದು ಎಂದುಕೊಂಡೆ. ಮರುದಿನವೂ ಬರಲಿಲ್ಲ. ಪಕ್ಕದಲ್ಲೇ ಅಮ್ಮ, "ಇವತ್ತು ದೀಪ ಎಷ್ಟು ಚೆಂದ ಕಾಣ್ತದೆ" ಎಂದರು. ಹಾಗೆ ಅವರು ನಿಜವಾಗಿ ಎಂದರೋ, ನನ್ನ ಭಯಕ್ಕೆ ಒಪ್ಪುವಂತೆ ನಾನೇ ಆಮೇಲೆ ಸೇರಿಸಿಕೊಂಡೆನೋ, ಹೇಳಲಾರೆ. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡದ್ದು ಮಾತ್ರ ಸುಳ್ಳಲ್ಲ.

ಈ ಸಂಗತಿಯನ್ನು ನಾನು ಯಾರಿಗೂ ಹೇಳಲಿಲ್ಲ. ದಿನಚರಿಗೂ ಹೇಳಲಾಗಲಿಲ್ಲ, ಏಕೆಂದರೆ ಆಗ ನನ್ನ ದಿನಚರಿ ಬರೆಯುತ್ತಿದ್ದವಳು ತಂಗಿ. ನಾನು ಹೇಳುವುದು, ಅವಳು ಬರೆಯುವುದು. ಮಳೆ ಬಿಟ್ಟಿತು, ಬಂಗುಡೆ ಮೀನು ಅಗ್ಗವಾಯಿತು, ರೇಡಿಯೋ ಕೆಟ್ಟಿತು. ಆ ಪುಟಗಳನ್ನು ಈಗ ಓದಿಸಿ ಕೇಳಿದರೆ ಅಲ್ಲಿ ಒಬ್ಬಳು ಧೈರ್ಯವಂತೆ ಇದ್ದಾಳೆ. ಅವಳ ಪರಿಚಯ ನನಗಿಲ್ಲ. ಹೆದರಿಕೆಯನ್ನು ಹೆದರಿಕೆ ಎಂದೇ ಬರೆಯಬೇಕಿದ್ದರೆ ನನ್ನ ಕೈಯಿಂದಲೇ ಬರೆಯಬೇಕಿತ್ತು. ಟೈಪಿಂಗ್ ಕಲಿಯುತ್ತೇನೆ ಎಂದು ಹಟ ಹಿಡಿದದ್ದು ಅದಕ್ಕೆ. ಮನೆಯವರಿಗೆ ಹೇಳಿದ ಕಾರಣ ಹೊತ್ತು ಹೋಗುವುದಿಲ್ಲ ಎಂಬುದು.

ಉಡುಪಿಯ ಒಂದು ಟೈಪಿಂಗ್ ಶಾಲೆಗೆ ತಂಗಿ ಕರೆದುಕೊಂಡು ಹೋದಳು. ಅಲ್ಲಿನ ಮಾಸ್ತರರು ಒಳ್ಳೆಯವರೇ. "ಕೀ ನೋಡಬಾರದು ಅಂತಲೇ ನಾವು ಕಲಿಸುವುದು. ಆದರೆ ಪುಸ್ತಕ ನೋಡಬೇಕಲ್ಲ, ಅದಕ್ಕೆ ಎಂತ ಮಾಡುವುದು?" ಎಂದರು. ಮಾಡುವುದಕ್ಕೆ ಏನೂ ಇರಲಿಲ್ಲ.

ತಂಗಿ ಮಣಿಪಾಲದ ಒಂದು ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿದ್ದಳು. ಶನಿವಾರ ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಒಂದು ಯಂತ್ರದ ಮುಂದೆ ನನ್ನನ್ನು ಕೂರಿಸಲು ಒಪ್ಪಿಗೆ ಪಡೆದಳು. ಚಪ್ಪಲಿ ಹೊರಗೆ ಬಿಡಬೇಕು. ಒಳಗೆ ಎ.ಸಿ.ಯ ಥಂಡಿ, ಎಲ್ಲಿಂದಲೋ ಒಂದೇ ಸಮನೆ ಗುಂಯ್ ಎನ್ನುವ ಸದ್ದು. ಆ ಯಂತ್ರದಲ್ಲಿ ಟೈಪಿಂಗ್ ಕಲಿಸುವ ಆಟವೊಂದಿತ್ತು. ಮೇಲಿನಿಂದ ಅಕ್ಷರಗಳು ಉದುರುತ್ತವೆ, ನೆಲ ಮುಟ್ಟುವ ಮೊದಲು ಅದೇ ಅಕ್ಷರವನ್ನು ಒತ್ತಬೇಕು. ತಂಗಿ ನೋಡಿ ಕೂಗಿ ಹೇಳುವುದು, ನಾನು ಹುಡುಕಿ ಒತ್ತುವುದು. ಅಷ್ಟರಲ್ಲಿ ಅಕ್ಷರ ಬಿದ್ದು ಯಂತ್ರ ಕಿರುಚುತ್ತಿತ್ತು. ಆ ಕಿರುಚಾಟಕ್ಕೆ ನಾನು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಎಲ್ಲಿಂದ ಬೀಳುತ್ತಿದೆ, ಎಷ್ಟು ಹತ್ತಿರ ಬಂತು, ಒಂದೂ ತಿಳಿಯದು.

"ಕಣ್ಣು ಬೇಡದ ಆಟ ಉಂಟಾ?" ಎಂದು ತಂಗಿ ಅಲ್ಲಿ ಇಲ್ಲಿ ಕೇಳಿದಳು. ಎಲ್ಲಿಯೂ ಇರಲಿಲ್ಲ. ಒಂದು ಭಾನುವಾರ ಅವಳು ಅಟ್ಟ ಹತ್ತಿ ಚೆನ್ನೆಮಣೆ, ಅಂದರೆ ಅಳಗುಳಿ ಮಣೆ, ಇಳಿಸಿ ತಂದಳು.

ಅಮ್ಮ ಹೌಹಾರಿದರು. "ಆಟಿ ತಿಂಗಳು ಕಳೆದ ಮೇಲೆ ಚೆನ್ನೆಮಣೆ ಇಳಿಸುವವರುಂಟಾ? ಅದೂ ಅಕ್ಕ ತಂಗಿ ಎದುರುಬದುರು ಕೂತು!" ಮಳೆಗಾಲದ ಆಟಿ ತಿಂಗಳಲ್ಲಿ ಮಾತ್ರ ಚೆನ್ನೆ ಆಡುವುದು ರೂಢಿ. ಚೆನ್ನೆಯಾಡುತ್ತ ಜಗಳವಾಡಿ ಪ್ರಾಣ ಕಳೆದುಕೊಂಡ ಅಕ್ಕತಂಗಿಯರ ಕತೆ ನಮ್ಮ ಕಡೆ ಎಲ್ಲರಿಗೂ ಗೊತ್ತು.

"ಇದು ಆಟ ಅಲ್ಲ ಅಮ್ಮ, ಟೈಪಿಂಗ್," ಎಂದಳು ತಂಗಿ.

ಸ್ವಲ್ಪ ಹೊತ್ತು ನಿಂತು ನೋಡಿದ ಅಮ್ಮ, "ಮತ್ತೆ ಅವಳ ಕಾಯಿ ನೀನು ಯಾಕೆ ಗೆಲ್ಲುವುದು?" ಎಂದರು.

ಮಣೆಯಲ್ಲಿ ಸಾಲಿಗೆ ಏಳು ಗುಳಿ. ಸಾಲಿಗೆ ಎರಡರಂತೆ ಬಟ್ಟೆ ತುರುಕಿ, ಒಂದು ಕೈಗೆ ಬರುವ ಕೀಗಳಷ್ಟು, ಐದು ಉಳಿಸಿದಳು. ಒಂದು ಸಲಕ್ಕೆ ಒಂದು ಕೈ. ಆಚೆಯ ಗುಳಿಗಳು ಕೀಗಳ ಮೇಲಿನ ಸಾಲು, ಈಚೆಯವು ನಡುವಿನ ಸಾಲು, ಕೆಳಗಿನ ಸಾಲಿಗೆ ಮಣೆಯ ಈಚಿನ ನೆಲ. ಅವಳು ಒಂದು ಮಾತು ಹೇಳುತ್ತಾಳೆ. ಕನ್ನಡದ ಮಾತು, ಇಂಗ್ಲಿಷ್ ಅಕ್ಷರಗಳಲ್ಲಿ. ನಾನು ಅಕ್ಷರಕ್ಕೊಂದು ಕಾಯಿ ಹಾಕಬೇಕು. ತಪ್ಪು ಗುಳಿಗೆ ಬಿದ್ದದ್ದು ಅವಳದು. ಎಡಗೈಗೆ ಗದ್ದೆ, ಅರಸ, ದಸರೆ. ಬಲಗೈಗೆ ಕೋಳಿ, ಹುಳಿ. "ಇಷ್ಟು ಓದಿದವಳಿಗೆ ಒಂದು ಕೋಳಿ ಹಿಡಿಯಲು ಆಗುವುದಿಲ್ಲ ಮಾರಾಯ್ತಿ!" ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಕಾಯಿಗಳು ಮರಕ್ಕೆ ತಾಗುವ ಸದ್ದಿನಲ್ಲಿ ಭಯ ಸ್ವಲ್ಪ ದೂರ ನಿಲ್ಲುತ್ತಿತ್ತು, ಹೋಗುತ್ತಿರಲಿಲ್ಲ.

ನವರಾತ್ರಿ ಕಳೆದ ಮೇಲೆ ಒಂದು ಶನಿವಾರ, "ಇವತ್ತು ನಾನೊಬ್ಬಳೇ ಬರೆಯುತ್ತೇನೆ, ನೀನು ಹೊರಗಿರು" ಎಂದೆ. ಎಡದ ಅಂಚಿನ ಅಗಲದ ಕೀ ತಡವಿ, ಅದರ ಪಕ್ಕದಲ್ಲಿ ಕಿರುಬೆರಳಿಟ್ಟು, ಮಿಕ್ಕ ಬೆರಳುಗಳನ್ನು ಸಾಲಾಗಿ ಇರಿಸಿ ಶುರು ಮಾಡಿದೆ. ಮಳೆಯ ಬಗ್ಗೆ ಎರಡು ಸಾಲು ಬರೆದೆ. ಅಭ್ಯಾಸಬಲ. ಇನ್ನು ಆ ಮಾತಿಗೆ ಬರಬೇಕು ಎನ್ನುವಾಗ ಬೆನ್ನ ಹಿಂದೆ ಹೆಜ್ಜೆಯ ಸದ್ದು. ಆಗ ಹೊಳೆಯಿತು: ನಾನು ಒತ್ತಿದ್ದೆಲ್ಲ ಎದುರಿನ ಪರದೆಯ ಮೇಲೆ ಹೊಳೆಯುತ್ತಿರುತ್ತದೆ. ಕಣ್ಣಿರುವ ಯಾರಾದರೂ ಬಾಗಿಲಲ್ಲಿ ನಿಂತು ಓದಬಹುದು. ನನಗೊಬ್ಬಳಿಗೇ ಅದು ಗುಟ್ಟು. ಕೈ ಎತ್ತಿ ಮಡಿಲಲ್ಲಿಟ್ಟುಕೊಂಡೆ. "ಯಾರು?" ಎಂದೆ. ಬಾಗಿಲು ಮುಚ್ಚಿದ ಸದ್ದು ಬಂತು. ಹೋದರೋ, ಒಳಗೇ ನಿಂತರೋ? ಉಸಿರು ಹಿಡಿದು ಕೇಳಿದೆ. ಯಂತ್ರದ ಗುಂಯ್ ಬಿಟ್ಟು ಬೇರೇನಿಲ್ಲ. ಕೈಗಳನ್ನು ಮತ್ತೆ ಕೀಗಳ ಮೇಲಿಟ್ಟು, ಯಾರಿದ್ದರೂ ಇರಲಿ ಎಂದು ಬರೆದು ಮುಗಿಸಿದೆ.

ತಂಗಿ ಬಂದು ಅಚ್ಚು ಹಾಕಿಸಿದಳು. ಹೊರಗಿನ ಕಟ್ಟೆಯ ಮೇಲೆ ಕುಳಿತು, "ಪೂರ್ತಿ ಓದಬೇಡ. ಸಾಲಿನ ಮೊದಲ ಮಾತು ಮಾತ್ರ ನೋಡಿ ಸರಿ ಉಂಟಾ ಹೇಳು" ಎಂದೆ.

"ಮೊದಲಿನ ಎರಡು ಸಾಲು ಸರಿ ಉಂಟು," ಎಂದಳು. ಆಮೇಲೆ ಕಾಗದ ತಿರುಗಿಸಿ ನೋಡುವ ಸದ್ದು ಬಂತು.

"ಎಂತ ಆಯಿತು?"

"ಮತ್ತಿನದ್ದು ಯಾವ ಭಾಷೆಯೂ ಅಲ್ಲ ಅಕ್ಕ. ಎಂ, ಎಸ್, ಎಂ, ಎಸ್... ನೀನು ಕೈ ಎತ್ತಿ ಇಟ್ಟೆಯಾ?"

ಎತ್ತಿದ್ದೆ. ಚೆನ್ನೆಯಲ್ಲಿ ಕೈಯ ಕಾಯಿ ಮುಗಿದರೆ ಮುಂದಿನ ಗುಳಿಯಿಂದ ತೆಗೆದು ಆಟ ಮುಂದುವರಿಸಬೇಕು. ಬಾಲ್ಯದಿಂದ ಕೈಗೆ ಅಂಟಿದ ನಿಯಮ. ಮಡಿಲಿನಿಂದ ಮರಳಿದ ಕೈಗಳೆರಡೂ ಮುಂದಿನ ಗುಳಿಗೆ ಹೋಗಿದ್ದವು, ಒಂದು ಕೀ ಬಲಕ್ಕೆ. ಕೊನೆಯವರೆಗೂ ಹಾಗೆಯೇ ಬರೆದಿದ್ದೆ.

"ಒಂದೊಂದು ಅಕ್ಷರವನ್ನೂ ಒಂದು ಕೀ ಎಡಕ್ಕೆ ಸರಿಸಿದರೆ ಸಿಗ್ತದೆ," ಎಂದಳು ತಂಗಿ. "ಓದಲಾ, ಹರಿದು ಬಿಸಾಡಲಾ?"

ಹರಿದರೆ ನಾನು ಸುರಕ್ಷಿತಳು. ಹರಿದರೆ ಆ ಪುಟ ಬರೆದೇ ಇಲ್ಲ ಎಂದಾಗುತ್ತದೆ, ನಾಳೆ ಮತ್ತೆ ಬಂಗುಡೆ, ಮಳೆ. "ಓದು" ಎಂದೆ. ಧೈರ್ಯದಿಂದ ಎಂದೆನೇ? ಇರಲಾರದು. ಒಬ್ಬಳೇ ಹೆದರಿ ದಣಿದಿದ್ದೆ, ಅಷ್ಟೆ.

ಅವಳು ಬೆರಳು ಮಡಚಿ ಲೆಕ್ಕ ಹಾಕುತ್ತ, ತಡವರಿಸುತ್ತ ಓದಿದಳು. "ನ... ನ... ಗೆ. ನನಗೆ. ಈ... ಗ. ಈಗ." ನನ್ನ ಭಯ ಅವಳ ದನಿಯಲ್ಲಿ ಚೂರುಚೂರಾಗಿ ಬರುತ್ತಿತ್ತು. ಮುಂದಿನ ಮಾತಿಗೆ ಕಾಯಲು ನನ್ನಿಂದಾಗಲಿಲ್ಲ.

"ಬೆಳಕೂ ಕಾಣುವುದಿಲ್ಲ," ಎಂದೆ. "ಚೌತಿಯ ಮೊದಲಿನಿಂದ."

ಅವಳು ಕಾಗದ ಮಡಚಿದ ಸದ್ದು ಕೇಳಿಸಿತು. "ಮೊನ್ನೆ ಕರೆಂಟು ಹೋದಾಗ 'ಅಯ್ಯೋ, ಕತ್ತಲೆ' ಅಂದವಳು ನೀನೇ ಅಲ್ವಾ?" ಎಂದಳು.

"ಫ್ಯಾನ್ ನಿಂತಿತಲ್ಲ."

ಅವಳಿಂದ ಒಂದು ಸದ್ದು ಬಂತು. ನಗು ಎಂದುಕೊಂಡೆ. ಖಾತ್ರಿಯಾಗಲು ಅವಳ ಮುಖ ಮುಟ್ಟಿ ನೋಡಬೇಕಿತ್ತು. ಒದ್ದೆ ತಾಗೀತೆಂದು ಕೈ ಚಾಚಲು ಹೆದರಿದೆ.