ಅಡುಗೆಕಟ್ಟೆಯ ಸುಟ್ಟ ಕಲೆ

ಗೆಳೆಯರೇ, ಇಂದು ಬೆಳಿಗ್ಗೆ ಲೋವರ್ ಹಟ್ ಊರಿನಲ್ಲಿ ನಾವು ಖಾಲಿ ಮಾಡುತ್ತಿರುವ ಬಾಡಿಗೆ ಮನೆಯ ಕೊನೆಯ ತಪಾಸಣೆ ಇತ್ತು. ಏಜೆಂಟ್ ಹೆಂಗಸು ಅಡುಗೆಕಟ್ಟೆಯ ಮೇಲಿನ ಸುಟ್ಟ ಕಲೆಗೆ ಬೆರಳಿಟ್ಟು, "ಇದು ನಿಮ್ಮದೇ. ಬಾಂಡ್ ಠೇವಣಿಯಲ್ಲಿ ಮುರಿದುಕೊಳ್ಳಬೇಕಾಗುತ್ತದೆ" ಎಂದರು.

"ಕಾದ ಹಂಚು ಇಟ್ಟಿದ್ದೇನು ನೀ?" ಎಂದು ನನ್ನ ಗಂಡನೂ ನನ್ನನ್ನೇ ಅನುಮಾನಿಸಿದರು.

"ತಡೀರಿ, ಬಂದ ದಿನಾನ ಎಲ್ಲಾ ಮೂಲಿ ಫೋಟೋ ತಗದೇನಿ" ಎಂದು ಫೋನಿನಲ್ಲಿ ಆರು ವರ್ಷ ಹಿಂದಕ್ಕೆ ಹೋದೆ.

ಕಲೆ ಸಿಕ್ಕಿತು. ಅದರ ಪಕ್ಕದಲ್ಲೇ ನಮ್ಮತ್ತೆಯೂ ಸಿಕ್ಕರು. ಇಳಕಲ್ ಸೀರೆಯ ಮೇಲೆ ಮಗನ ದಪ್ಪ ಜಾಕೆಟ್ ಹಾಕಿಕೊಂಡು, ಖಾಲಿ ಅಡುಗೆಮನೆಯಲ್ಲಿ ಶೇಂಗಾ ಚಟ್ನಿಪುಡಿಯ ಡಬ್ಬಿ ತೆರೆಯುತ್ತ ನಗುತ್ತಿದ್ದರು. ಅವರು ತೀರಿಕೊಂಡು ಈಗ ಮೂರು ವರ್ಷ.

"ಸಾರಿ, ಕಲೆ ಮೊದಲೇ ಇತ್ತು" ಎಂದು ಏಜೆಂಟ್ ತಮ್ಮ ಪಟ್ಟಿಯಿಂದ ಅದನ್ನು ಹೊಡೆದುಹಾಕಿದರು. ನನ್ನ ಗಂಡ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಫೋನ್ ಕಸಿದುಕೊಂಡು, "ಅವ್ವ ನೋಡಿಲ್ಲೆ, ಹೆಂಗ ನಗಾಕತ್ತಾಳ" ಎಂದರು.

ಬಾಡಿಗೆ ಮನೆ ಹಿಡಿಯುವವರು ಮೊದಲ ದಿನವೇ ಮೂಲೆಮೂಲೆಯ ಫೋಟೋ ತೆಗೆದಿಡಿ. ಬಾಂಡ್ ಪೂರ್ತಿ ವಾಪಸ್ ಬರುತ್ತದೆ. ಫೋನ್ ಮಾತ್ರ ಇನ್ನೂ ಬಂದಿಲ್ಲ, ಇದನ್ನು ಲ್ಯಾಪ್‌ಟಾಪಿನಲ್ಲಿ ಬರೆಯುತ್ತಿದ್ದೇನೆ.