ಊರಿಗೆ ಬೆನ್ನು ಮಾಡಿ ಹೊರಟ ದೋಣಿ

ನಾನು ಹೆಮ್ಮಿಗೆಯವನು. ಕಾವೇರಿಯ ಮಗ್ಗುಲಲ್ಲೇ ಬೆಳೆದರೂ ಸಮುದ್ರ ಕಂಡದ್ದು ನೌಕಾಪಡೆ ಸೇರಿದ ಮೇಲೆ. ಅಲ್ಲಿನ ಹಾಯಿದೋಣಿ ತಂಡದಲ್ಲಿ ನಂಜನಗೂಡಿನ ಹಿರಿಯ ಅಧಿಕಾರಿಯೊಬ್ಬರಿದ್ದರು, ಸಂಸ್ಕೃತ ಮೇಷ್ಟ್ರ ಮಗ. ನಾಲ್ಕು ಜನರೆದುರು ಅವರನ್ನು ಸರ್ ಎನ್ನುತ್ತಿದ್ದೆ. ಇಬ್ಬರೇ ಇದ್ದಾಗ ಅಣ್ಣ.

ತೊಂಬತ್ತರ ದಶಕದ ಕೊನೆಯ ಒಂದು ಜನವರಿಯಲ್ಲಿ, ಸೀಶೆಲ್ಸ್ ದ್ವೀಪದಿಂದ ಕೊಚ್ಚಿಗೆ ಪುಟ್ಟ ಹಾಯಿದೋಣಿಯೊಂದನ್ನು ವಾಪಸು ತರುವ ಕೆಲಸ ನಮ್ಮಿಬ್ಬರ ಪಾಲಿಗೆ ಬಂತು. ಭೂಮಧ್ಯರೇಖೆ ದಾಟಿ ಉತ್ತರಕ್ಕೆ ಬಂದರೆ ಆಗ ಗಾಳಿ ಬೀಸುವುದು ಈಶಾನ್ಯದಿಂದ. ಕೊಚ್ಚಿ ಇರುವುದೂ ಈಶಾನ್ಯಕ್ಕೇ. ಹಾಯಿದೋಣಿ ಗಾಳಿಯ ಮುಖಕ್ಕೆ ನೇರ ಹೋಗಲಾರದು. ಎಡಕ್ಕಷ್ಟು ದೂರ, ಬಲಕ್ಕಷ್ಟು ದೂರ ಓರೆಯಾಗಿ ಸಾಗುತ್ತಾ ತೆವಳಬೇಕು. ಪ್ರತಿ ಅಲೆಗೂ ದೋಣಿಯ ಮೂತಿ ಮೇಲೆದ್ದು ದೊಪ್ಪನೆ ಬೀಳುತ್ತಿತ್ತು. ಹಾಸಿಗೆ, ಬಟ್ಟೆ, ಬೆಂಕಿಪೊಟ್ಟಣ ಎಲ್ಲವೂ ಒದ್ದೆ. ನನಗೆ ತಿಂದದ್ದು ದಕ್ಕುತ್ತಿರಲಿಲ್ಲ. ಅಣ್ಣ ಮಾತ್ರ ಒಂದು ಕಾಲನ್ನು ಗೋಡೆಗೆ ಒತ್ತಿ ನಿಂತು, ಕುಕ್ಕರನ್ನು ಹಿಡಿದುಕೊಂಡೇ ಅನ್ನ ಮಾಡುತ್ತಿದ್ದರು. ಅದಕ್ಕೆ ಅವರ ತಾಯಿ ಕಟ್ಟಿಕೊಟ್ಟ ಹುಣಿಸೆ ತೊಕ್ಕು ಕಲೆಸಿ, ನನ್ನ ಅಂಗೈಗೆ ತುತ್ತು ಹಾಕುತ್ತಿದ್ದರು.

ವಾರ ಕಳೆದರೂ ನಕ್ಷೆಯಲ್ಲಿ ನಾವು ಮುಂದೆ ಹೋದದ್ದು ಬೆರಳಗಲ. ಸಾಲದ್ದಕ್ಕೆ ಮುಂದಿನ ಹಾಯಿಯ ಹೊಲಿಗೆ ಬಿಟ್ಟಿತು. ಅಣ್ಣ ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಎದೆಮಟ್ಟ ನೀರು ಹೊಡೆಯುತ್ತಿದ್ದರೂ ತುದಿಯವರೆಗೆ ಹೋಗಿ ಅದನ್ನು ಇಳಿಸಿದರು, ಕೂತು ಹೊಲಿದರು. ಆಮೇಲೆ ಚುಕ್ಕಾಣಿ ಹಿಡಿದು ದೋಣಿಯನ್ನು ದಕ್ಷಿಣಕ್ಕೆ ತಿರುಗಿಸಿಬಿಟ್ಟರು.

ನನಗೆ ತಡೆಯಲಾಗಲಿಲ್ಲ. "ಅಣ್ಣ, ಊರು ಆ ಕಡೆ ಐತೆ! ನೀವು ಈ ಕಡೆ ಓಯ್ತಾ ಇದ್ದೀರಲ್ಲ!"

"ಊರಿಗೇ ಕಣೋ ಹೋಗ್ತಿರೋದು. ಹೀಗೇ ಗುದ್ದಾಡ್ತಿದ್ರೆ ದೋಣಿ ಮುರಿಯುತ್ತೆ, ಇಲ್ಲಾ ನೀನು ಮುರೀತೀಯ. ಭೂಮಧ್ಯರೇಖೆಯ ಕೆಳಗಡೆ ಈಗ ಪಶ್ಚಿಮದ ಗಾಳಿ ಇರುತ್ತೆ. ಅದರಲ್ಲಿ ಮಾಲ್ಡೀವ್ಸ್ ದಾಟೋವರೆಗೂ ಪೂರ್ವಕ್ಕೆ ಹೋಗೋಣ. ಅಲ್ಲಿಂದ ಉತ್ತರಕ್ಕೆ ತಿರುಗಿದ್ರೆ ಈ ಗಾಳಿ ಎದುರಿಗಿರಲ್ಲ, ಓರೆಗೆ ಸಿಗುತ್ತೆ."

"ಆ ಗಾಳಿ ಸಿಗದೇ ಓದ್ರೆ?"

"ಆಗ ನೀನು ಬಯ್ಯಿ, ನಾನು ಕೇಳ್ತೀನಿ."

ದಕ್ಷಿಣಕ್ಕೆ ಇಳಿದರೆ ಗಾಳಿಯೇ ಇಲ್ಲ. ಹಾಯಿಗಳು ಜೋತುಬಿದ್ದವು, ಸಮುದ್ರ ಎಣ್ಣೆಯ ಹಾಗೆ ಮಲಗಿತು. ನಾನು ಬಯ್ಯಲು ಬಾಯಿ ತೆರೆಯುವುದೊಂದು ಬಾಕಿ. ಅಣ್ಣ ಮಳೆನೀರು ಹಿಡಿದು ಬಟ್ಟೆ ಒಗೆದರು, ಗಡ್ಡ ಹೆರೆದುಕೊಂಡರು, ನನಗೂ ಸ್ನಾನ ಮಾಡೆಂದರು. ಅವರಿಗೂ ಅಳುಕಿತ್ತೆಂದು ಈಗ ಅನ್ನಿಸುತ್ತದೆ. ಆದರೆ ಅದನ್ನು ಒಮ್ಮೆಯೂ ನನ್ನ ಹೆಗಲಿಗೆ ದಾಟಿಸಲಿಲ್ಲ.

ಒಂದು ಮಧ್ಯಾಹ್ನ ಬೆನ್ನಿಗೆ ತಣ್ಣಗೆ ಗಾಳಿ ತಾಗಿತು. ಪಶ್ಚಿಮದ ಗಾಳಿ! ನಾನು ಕೂಗಿಕೊಂಡೆ. ಅವರು ನಕ್ಕು, ಚುಕ್ಕಾಣಿಯನ್ನು ನನ್ನ ಕೈಗೆ ಕೊಟ್ಟು ಮಲಗಿಬಿಟ್ಟರು. ಅವರು ಅಷ್ಟು ಗಾಢವಾಗಿ ನಿದ್ದೆ ಮಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಮಾಲ್ಡೀವ್ಸ್ ದಾಟಿ ಉತ್ತರಕ್ಕೆ ತಿರುಗಿದಾಗ, ಅವರು ಹೇಳಿದಂತೆಯೇ, ಅದೇ ಈಶಾನ್ಯದ ಗಾಳಿ ಓರೆಯಾಗಿ ಸಿಕ್ಕಿ ನಮ್ಮನ್ನು ಕೊಚ್ಚಿಗೆ ಮುಟ್ಟಿಸಿತು.

ಆಮೇಲೆ ಸಿಕ್ಕ ರಜೆಯಲ್ಲಿ ನಂಜನಗೂಡಿನ ಅವರ ಮನೆಗೆ ಹೋಗಿದ್ದೆ. "ಸಮುದ್ರದ ಮೇಲೆ ಇವನು ಹೇಗಿದ್ದನಪ್ಪಾ?" ಎಂದರು ತಾಯಿ.

"ಅಣ್ಣನಷ್ಟು ತಾಳ್ಮೆಯೋರ್ನ ನಾನು ನೋಡೇ ಇಲ್ಲ ಕಣಮ್ಮ."

"ಇವನಾ? ಕಾಫಿ ಆರೋ ತನಕ ಕೂತವನಲ್ಲ ಇವನು!" ಎಂದು ಆಕೆ ನಗುತ್ತಾ ಒಳಗೆ ಹೋದರು.